ಗರಗಸ: ಕರಪತ್ರದಿಂದ ಬ್ಯಾಟರಿಯವರೆಗೆ

ನಾವು ಗರಗಸವೆಂದು ಕರೆಯುವ ಉಪಕರಣಕ್ಕೆ ಸಂಸ್ಕೃತದಲ್ಲಿ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ಒಂದು ಕ್ರಕಚ, ಇನ್ನೊಂದು ಕರಪತ್ರ. ಅಮರಕೋಶವು ಇವೆರಡನ್ನೂ ಒಟ್ಟಿಗೇ ಹೇಳುತ್ತದೆ. ‘ಕ್ರ’ ಎಂದು ಸದ್ದು ಮಾಡುವುದರಿಂದ ಕ್ರಕಚವೆಂದು ವ್ಯಾಖ್ಯಾನಕಾರರು ಪದವನ್ನು ಬಿಡಿಸುತ್ತಾರೆ. ಮರ ಕೊಯ್ಯುವುದನ್ನು ಕೇಳಿದವರಾರೂ ಈ ವ್ಯುತ್ಪತ್ತಿಯನ್ನು ತಕರಾರು ಮಾಡಲಾರರು. ಕರಪತ್ರವೆಂದರೆ ಕೈಯಲ್ಲಿ ಹಿಡಿಯುವ ಅಲಗು. ಇಂದು ಕರಪತ್ರವೆಂಬ ಮಾತಿಗೆ ಚುನಾವಣೆಯ ಕಾಲದಲ್ಲಿ ಬೀದಿಯಲ್ಲಿ ಹಂಚುವ ಕಾಗದವೆಂಬ ಅರ್ಥವೊಂದೇ ಉಳಿದಿರುವುದರಿಂದ, ತರಗತಿಯಲ್ಲಿ ಬಡಗಿಯು ಕರಪತ್ರದಿಂದ ಕಂಬವನ್ನು ಸೀಳಿದನೆಂದು ಹೇಳಿದರೆ ಹುಡುಗರು ನಗುತ್ತಾರೆ. ನಗಲಿ. ಆದರೆ ಆ ಹೆಸರಿನಲ್ಲಿ ‘ಕರ’ ಎಂಬುದು ಸುಮ್ಮನೆ ಸೇರಿಕೊಂಡದ್ದಲ್ಲ ಎಂಬುದನ್ನು ಗಮನಿಸಬೇಕು. ಸಾವಿರಾರು ವರ್ಷ ಗರಗಸಕ್ಕೆ ಬಲ ಕೊಟ್ಟದ್ದು ಕೈ, ದಾರಿ ತೋರಿದ್ದು ಕೈ, ನಿಲ್ಲಿಸಿದ್ದೂ ಕೈ. ಕೈ ದಣಿದರೆ ಗರಗಸ ನಿಲ್ಲುತ್ತಿತ್ತು. ಕೈ ತಪ್ಪಿದರೆ ಚರ್ಮ ಗೀರುತ್ತಿತ್ತು, ಅಷ್ಟೆ.

ಈಚಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ಊರುಗಳ ಮರಗೆಲಸದವರ ಚೀಲದೊಳಕ್ಕೆ ಬಂದಿರುವ ಬ್ಯಾಟರಿಯ ಗರಗಸದಲ್ಲಿ ಈ ಮೂರು ಅಧಿಕಾರಗಳಲ್ಲಿ ಒಂದು ಮಾತ್ರ ಕೈಗೆ ಉಳಿದಿದೆ. ಬಲ ಬ್ಯಾಟರಿಯದು. ನಿಲ್ಲಿಸುವುದು ಗುಂಡಿಯದು, ಗುಂಡಿ ಬಿಟ್ಟ ಮೇಲೂ ಅಲಗು ಕ್ಷಣಕಾಲ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಕೈಗೆ ಉಳಿದದ್ದು ದಾರಿ ತೋರುವ ಕೆಲಸ. ಈ ಅಧಿಕಾರಗಳು ಕೈಬಿಟ್ಟುಹೋದ ಬಗೆಯನ್ನು ತಿಳಿದುಕೊಂಡರೆ, ಈ ಯಂತ್ರವನ್ನು ಹಿಡಿಯುವಾಗ ಪಾಲಿಸಬೇಕಾದ ನಿಯಮಗಳು ಯಾರೋ ಕಾರಖಾನೆಯವರು ಕೈಪಿಡಿಯಲ್ಲಿ ಅಚ್ಚು ಹಾಕಿಸಿದ ಬೆದರಿಕೆಗಳಂತೆ ಕಾಣುವುದಿಲ್ಲ. ಅವುಗಳಲ್ಲಿ ಹಲವು ಹಿಂದಿನ ಮರ ಕೊಯ್ಯುವವರು ಬಲ್ಲ ಸಂಗತಿಗಳೇ.

ಈಜಿಪ್ಟಿನ ಸಕ್ಕಾರಾದಲ್ಲಿ ಮೊದಲನೆಯ ರಾಜವಂಶದ ಕಾಲದ ಸಮಾಧಿಯಿಂದ ತಾಮ್ರದ ಗರಗಸಗಳು ದೊರೆತಿವೆ. ಅವಕ್ಕೆ ಸುಮಾರು ಐದು ಸಾವಿರ ವರ್ಷ ವಯಸ್ಸು. ಮೊಹೆಂಜೊದಾರೋವಿನ ಉತ್ಖನನದಲ್ಲಿಯೂ ತಾಮ್ರದ ಗರಗಸ ಸಿಕ್ಕಿದೆ. ತಾಮ್ರ ಮೆದು ಲೋಹ. ತಳ್ಳಿದರೆ ಅಲಗು ಬಳುಕಿ ಬಾಗುತ್ತದೆ. ಆದ್ದರಿಂದ ಈಜಿಪ್ಟಿನವರು ಗರಗಸವನ್ನು ತಮ್ಮ ಕಡೆಗೆ ಎಳೆದು ಕೊಯ್ಯುತ್ತಿದ್ದರು. ಕಬ್ಬಿಣ ಉಕ್ಕುಗಳು ಬಂದ ಮೇಲೆಯೇ ತಳ್ಳಿ ಕೊಯ್ಯುವುದು ಸುಲಭವಾದದ್ದು. ಜಪಾನಿನ ಬಡಗಿಗಳು ಮಾತ್ರ ತೆಳುವಾದ ಉಕ್ಕಿನ ಅಲಗನ್ನು ಇಂದಿಗೂ ಎಳೆದೇ ಕೊಯ್ಯುತ್ತಾರೆ.

ಗರಗಸದ ಚರಿತ್ರೆಯಲ್ಲಿ ಲೋಹಕ್ಕಿಂತ ಹೆಚ್ಚಿನ ಬುದ್ಧಿವಂತಿಕೆ ಇರುವುದು ಹಲ್ಲಿನಲ್ಲಿ. ಹಲ್ಲುಗಳನ್ನು ಒಂದನ್ನು ಎಡಕ್ಕೂ ಮುಂದಿನದನ್ನು ಬಲಕ್ಕೂ ಸ್ವಲ್ಪ ಬಾಗಿಸಿದರೆ ಮರದಲ್ಲಿ ಆಗುವ ಸೀಳು ಅಲಗಿಗಿಂತ ಅಗಲವಾಗುತ್ತದೆ. ಅಲಗು ಆ ಸೀಳಿನಲ್ಲಿ ಸಲೀಸಾಗಿ ಓಡಾಡುತ್ತದೆ, ಹೊಟ್ಟು ಹೊರಕ್ಕೆ ಬರುತ್ತದೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿದ್ದ, ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ವಿಚಾರವನ್ನು ಹೇಳಿದ್ದಾನೆ. ಹಸಿ ಮರವನ್ನು ಕೊಯ್ಯುವಾಗ ಒದ್ದೆ ಹೊಟ್ಟು ಹಲ್ಲುಗಳ ಸಂದಿಯಲ್ಲಿ ತುಂಬಿಕೊಳ್ಳುತ್ತದೆ, ಅದಕ್ಕಾಗಿಯೇ ಹಲ್ಲುಗಳನ್ನು ಅತ್ತಿತ್ತ ಬಾಗಿಸುತ್ತಾರೆ ಎಂಬುದು ಅವನ ವಿವರಣೆ. ತತ್ತ್ವಜ್ಞಾನಿಯೊಬ್ಬ ಬಡಗಿಯ ಪಕ್ಕದಲ್ಲಿ ನಿಂತು ನೋಡಿ ಬರೆದ ಮಾತಿನಂತಿದೆ ಇದು. ಅಂಥ ಮಾತುಗಳು ಗ್ರಂಥಗಳಲ್ಲಿ ಅಪರೂಪ.

ನಮ್ಮವರಲ್ಲಿ ಆ ಕೆಲಸ ಮಾಡಿದವರು ಗಣಿತಜ್ಞರು. ಕ್ರಿ.ಶ. 628ರ ಬ್ರಹ್ಮಗುಪ್ತನಿಂದ ಮೊದಲುಗೊಂಡು ನಮ್ಮ ಗಣಿತ ಗ್ರಂಥಗಳಲ್ಲಿ ಕ್ರಕಚ ವ್ಯವಹಾರವೆಂಬ ಒಂದು ಪ್ರಕರಣವೇ ಇದೆ. ಮರ ಕೊಯ್ಯುವವರಿಗೆ ಕೂಲಿ ಎಷ್ಟು ಎಂಬುದು ಅಲ್ಲಿಯ ಪ್ರಶ್ನೆ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹದಲ್ಲಿಯೂ ಇದಕ್ಕೆ ಜಾಗವುಂಟು. ಮರ ಕೊಯ್ಯುವವರ ಅಳತೆಗೆ ಅವನು ಕಿಷ್ಕು ಎಂಬ ಮಾನವನ್ನು ಹೇಳುತ್ತಾನೆ. ಎರಡು ಮೊಳಕ್ಕೆ ಆರು ಅಂಗುಲ ಕಡಿಮೆ, ಎಂದರೆ 42 ಅಂಗುಲ. ದಿಮ್ಮಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗರಗಸ ಹಾಯುವ ಕೊಯ್ತಗಳ ಎಣಿಕೆಗೆ ಅವನಲ್ಲಿ ‘ಮಾರ್ಗ’ವೆಂದು ಹೆಸರು. ಕವಿರಾಜಮಾರ್ಗವು ಹುಟ್ಟಿದ ಅದೇ ಆಸ್ಥಾನದ ಕಾಲದಲ್ಲಿ ಗರಗಸದ ದಾರಿಗೂ ಮಾರ್ಗವೆಂಬ ಹೆಸರೇ ಇತ್ತೆಂಬುದು ಪಂಡಿತ ಪರೀಕ್ಷೆಗೆ ಓದುವಾಗ ನನಗೆ ಯಾರೂ ಹೇಳಿಕೊಡದಿದ್ದ ಸಂಗತಿ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೆ ಅದು ತಿಳಿಯಿತು.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಕೊಯ್ದ ಮೈಯ ಉದ್ದ, ಅಗಲ ಮತ್ತು ಕೊಯ್ತಗಳ ಸಂಖ್ಯೆ ಇವನ್ನು ಗುಣಿಸಿ ಕೆಲಸದ ಮೊತ್ತವನ್ನು ತೆಗೆಯುವ ಕ್ರಮವನ್ನು ಹೇಳುತ್ತಾನೆ. ಆಮೇಲೆ ಅವನು ಸೇರಿಸುವ ಒಂದು ಮಾತು ಬಹಳ ಬೆಲೆಯುಳ್ಳದ್ದು. ಕೂಲಿಯನ್ನು ಕೆಲಸಗಾರರ ಒಪ್ಪಿಗೆಯಿಂದಲೂ ವಸ್ತುವಿನ ಮೆದುತನ, ಗಡಸುತನಗಳನ್ನು ನೋಡಿಯೂ ಗೊತ್ತುಮಾಡಬೇಕು ಎನ್ನುತ್ತಾನೆ. ಹಲಸನ್ನು ಕೊಯ್ದ ಹಾಗಲ್ಲ ಬೀಟೆಯನ್ನು ಕೊಯ್ಯುವುದು. ಆ ವ್ಯತ್ಯಾಸ ಮೊದಲು ತಿಳಿಯುತ್ತಿದ್ದುದು ತೋಳಿಗೆ. ಮರ ಗಡಸಾಗಿದ್ದರೆ, ಹಲ್ಲು ಮೊಂಡಾಗಿದ್ದರೆ, ಒಳಗೆ ಗಂಟು ಬಂದಿದ್ದರೆ, ಸೀಳು ಬಿಗಿದುಕೊಳ್ಳುತ್ತಿದ್ದರೆ ತೋಳು ಕೂಡಲೇ ಹೇಳುತ್ತಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

ದೊಡ್ಡ ದಿಮ್ಮಿಗಳನ್ನು ಹಲಗೆ ಮಾಡುವುದಕ್ಕೆ ಇಬ್ಬರು ಬೇಕಾಗಿತ್ತು. ಗುಂಡಿಯ ಮೇಲೆ ಅಥವಾ ಎತ್ತರದ ಕವೆಗಂಬಗಳ ಮೇಲೆ ದಿಮ್ಮಿಯನ್ನಿಟ್ಟು, ಒಬ್ಬನು ಮೇಲೆ ನಿಂತು, ಇನ್ನೊಬ್ಬನು ಕೆಳಗೆ ನಿಂತು ಉದ್ದನೆಯ ಗರಗಸವನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗುಗಳಿಗೆಲ್ಲ ಹೊಟ್ಟು. ನಮ್ಮ ಮಲೆನಾಡಿನಲ್ಲಿ ಇದನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇದ್ದಾರೆ. ಕೊಯ್ತ ಮೊಳವೆರಡು ಮೊಳ ಮುಂದುವರಿದ ಮೇಲೆ ಅವರು ಮಾಡುತ್ತಿದ್ದ ಒಂದು ಕೆಲಸವುಂಟು. ಸೀಳಿನ ಹಿಂಭಾಗಕ್ಕೆ ಒಂದು ಬೆಣೆಯನ್ನು ಹೊಡೆಯುತ್ತಿದ್ದರು. ಬೆಣೆಯಿಲ್ಲದಿದ್ದರೆ ದಿಮ್ಮಿಯ ಎರಡು ಹೋಳುಗಳೂ ತಮ್ಮ ಭಾರಕ್ಕೆ ಅಥವಾ ಒಳಗಿನ ಬಿಗಿತಕ್ಕೆ ಒಂದನ್ನೊಂದು ಒತ್ತಿಕೊಂಡು ಗರಗಸವನ್ನು ಕಚ್ಚಿಹಿಡಿಯುತ್ತಿದ್ದುವು.

ಈ ಬೆಣೆ ನಮ್ಮೆಲ್ಲರಿಗೂ ಗೊತ್ತಿರುವ ಬೆಣೆಯೇ. ಬೆಣೆಯನ್ನು ಕಿತ್ತ ಕೋತಿಯ ಕಥೆ ಪಂಚತಂತ್ರದಲ್ಲಿದೆ, ಹಿತೋಪದೇಶದಲ್ಲಿಯೂ ಇದೆ. ಹಿತೋಪದೇಶದ ಪಾಠ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರ. ಮಗಧ ದೇಶದಲ್ಲಿ ಶುಭದತ್ತನೆಂಬ ಕಾಯಸ್ಥನು ವಿಹಾರವನ್ನು ಕಟ್ಟಿಸುತ್ತಿದ್ದಾಗ, ಕರಪತ್ರದಿಂದ ಕೊಯ್ಯುತ್ತಿದ್ದ ಕಂಬವೊಂದರ ಸೀಳಿನಲ್ಲಿ ಬಡಗಿಯು ಬೆಣೆಯನ್ನಿಟ್ಟಿದ್ದನು. ಕೋತಿ ಬಂದು ಆ ಸೀಳಿನ ಮೇಲೆಯೇ ಕುಳಿತು ಬೆಣೆಯನ್ನು ಕಿತ್ತಿತು. ಹೋಳುಗಳು ಮುಚ್ಚಿಕೊಂಡುವು, ಕೋತಿ ಸತ್ತಿತು. ತನಗೆ ಸಂಬಂಧಿಸದ ಕೆಲಸಕ್ಕೆ ಕೈಹಾಕಬಾರದೆಂದು ನಾವು ಉಪಾಧ್ಯಾಯರೆಲ್ಲ ಇದನ್ನು ತಲೆತಲಾಂತರದಿಂದ ಪಾಠ ಹೇಳಿಕೊಂಡು ಬಂದಿದ್ದೇವೆ. ಕಥೆಗಾರನ ಉದ್ದೇಶವೂ ಅದೇ. ಆದರೆ ಮರದ ಸ್ವಭಾವವೊಂದು ಈ ಕಥೆಯಲ್ಲಿ ಅಡಗಿದೆ. ಕೊಯ್ದ ಸೀಳು ಮುಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ, ಅದು ಮುಚ್ಚಿಕೊಂಡಾಗ ಒಳಗಿರುವುದಕ್ಕೆ ಉಳಿಗಾಲವಿಲ್ಲ. ಇಂದು ಯಂತ್ರದ ಗರಗಸದಿಂದ ಆಗುವ ಅಪಾಯಗಳಲ್ಲಿ ಅತಿ ಭಯಂಕರವಾದದ್ದು ಇದೇ ಕಾರಣದಿಂದ ಆಗುತ್ತದೆ.

ಚಕ್ರಾಕಾರದ ಗರಗಸಕ್ಕೆ 1777ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬಾತ ಪೇಟೆಂಟ್ ಪಡೆದನು. ಅಮೆರಿಕದಲ್ಲಿ ಟಾಬಿತಾ ಬ್ಯಾಬಿಟ್ ಎಂಬ ಶೇಕರ್ ಪಂಥದ ಹೆಂಗಸು 1813ರ ಸುಮಾರಿನಲ್ಲಿ ನೂಲುವ ಚಕ್ರವನ್ನು ನೋಡಿ ಇದನ್ನು ಕಂಡುಹಿಡಿದಳೆಂಬ ಕಥೆ ಇದೆ. ಕಥೆ ಸೊಗಸಾಗಿದೆ; ಮಿಲ್ಲರನ ಪೇಟೆಂಟಿನ ತಾರೀಖು ಮಾತ್ರ ಅದಕ್ಕೆ ಅಡ್ಡ ಬರುತ್ತದೆ. ಅದಿರಲಿ. ನೇರವಾದ ಗರಗಸದಲ್ಲಿ ಒಂದು ಎಳೆತ ಮುಗಿದು ಇನ್ನೊಂದು ತೊಡಗುವ ನಡುವೆ ಬಿಡುವು ಇರುತ್ತದೆ. ಚಕ್ರಗರಗಸದಲ್ಲಿ ಬಿಡುವೆಂಬುದಿಲ್ಲ. ನೀರಿನ ಬಲದಿಂದಲೂ ಉಗಿಯ ಬಲದಿಂದಲೂ ಅದು ತಿರುಗತೊಡಗಿದಾಗ ಗರಗಸವನ್ನು ಕೈಯಿಂದ ಎಳೆಯುವ ದಣಿವು ತಪ್ಪಿತು. ಆದರೆ ಆಗ ಗರಗಸ ಕಾರಖಾನೆಯಲ್ಲಿ ನೆಟ್ಟಗೆ ನಿಂತಿರುತ್ತಿತ್ತು, ಮರವೇ ಅದರ ಹತ್ತಿರಕ್ಕೆ ಹೋಗಬೇಕಾಗಿತ್ತು.

ಗರಗಸ ಮರದ ಹತ್ತಿರಕ್ಕೆ ಬಂದದ್ದು 1920ರ ದಶಕದಲ್ಲಿ. ಅಮೆರಿಕದ ಲೂಸಿಯಾನದಲ್ಲಿ ಕೂಲಿಗಳು ಕಬ್ಬನ್ನು ಮಚ್ಚಿನಿಂದ ಕಡಿಯುವುದನ್ನು ನೋಡಿದ ಎಡ್ಮಂಡ್ ಮಿಷೆಲ್ ಎಂಬಾತ ಮಚ್ಚಿಗೆ ಚಿಕ್ಕ ಮೋಟಾರನ್ನೂ ಪುಟ್ಟ ಗರಗಸದ ಚಕ್ರವನ್ನೂ ಜೋಡಿಸಿದನೆಂದು ಹೇಳುತ್ತಾರೆ. ಕಬ್ಬು ಕಡಿಯುವುದಕ್ಕೆ ಅದು ಒದಗಲಿಲ್ಲ. ಆದರೆ ಅದರಿಂದ ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಗರಗಸ ಹುಟ್ಟಿತು. ಜೋಸೆಫ್ ಸಲಿವನ್ ಎಂಬಾತನ ಜೊತೆಗೂಡಿ 1924ರಲ್ಲಿ ಅವನು ಕಂಪನಿ ಕಟ್ಟಿದನು. ಮುಂದೆ ಸ್ಕಿಲ್‌ಸಾ ಎಂಬ ಹೆಸರಿನಿಂದ ಅದು ಎಷ್ಟು ಪ್ರಸಿದ್ಧವಾಯಿತೆಂದರೆ, ಅಮೆರಿಕದ ಬಡಗಿಗಳು ಯಾವ ಕಂಪನಿಯ ಗರಗಸವಾದರೂ ಆ ಹೆಸರಿನಿಂದಲೇ ಕರೆಯತೊಡಗಿದರು. 1937ರಲ್ಲಿ ಬಂದ ಅದರ 77ನೆಯ ಮಾದರಿಯ ವಂಶದವು ಇಂದಿಗೂ ಮಾರಾಟವಾಗುತ್ತಿವೆ.

ಈ ಗರಗಸಕ್ಕೆ ಒಂದು ಬಾಲವಿತ್ತು, ಎಂದರೆ ತಂತಿ. ತಂತಿಯಿಂದ ತೊಂದರೆ ಉಂಟು: ಕಾಲಿಗೆ ತೊಡರುತ್ತದೆ, ಅಲಗಿಗೆ ಸಿಕ್ಕುತ್ತದೆ, ಮಳೆಗಾಲದಲ್ಲಿ ಷಾಕ್ ಹೊಡೆಯುತ್ತದೆ. ಅದನ್ನು ಕಳಚುವ ಪ್ರಯತ್ನಗಳು ಬಹುಕಾಲ ನಡೆದುವು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಮಾಡಿದ್ದು 1899ರಲ್ಲಿ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಡ್ರಿಲ್ಲನ್ನು ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ಹೊರತಂದಿತು. ಹತ್ತು ವರ್ಷಗಳ ಮೇಲೆ, 1971ರಲ್ಲಿ, ಅಪೊಲೊ 15ರ ಯಾತ್ರಿಕರು ಚಂದ್ರನ ನೆಲವನ್ನು ಬ್ಯಾಟರಿಯ ಡ್ರಿಲ್ಲಿನಿಂದ ಕೊರೆದರು. ತಂತಿಯಿಲ್ಲದ ಉಪಕರಣಗಳು ಚಂದ್ರಯಾನದಿಂದ ಹುಟ್ಟಿದುವೆಂದು ಹಲವರು ನಂಬಿರುವುದು ಇದರಿಂದಲೇ. ತಾರೀಖುಗಳು ತಿರುಗುಮುರುಗಾಗಿರುವುದನ್ನು ವಾಚಕರೇ ನೋಡಬಹುದು.

ರಂಧ್ರ ಕೊರೆಯುವುದಕ್ಕೆ ಸಾಕಾದ ಬಲ ಹಲಗೆ ಕೊಯ್ಯುವುದಕ್ಕೆ ಸಾಲದು. ನಿಕ್ಕಲ್-ಕ್ಯಾಡ್ಮಿಯಮ್ಮಿನ ಕಾಲದ ಬ್ಯಾಟರಿ ಗರಗಸಗಳು ಭಾರವಾಗಿದ್ದು ಬೇಗನೆ ಸುಸ್ತಾಗುತ್ತಿದ್ದುವು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಮಿಲ್ವಾಕಿ ಕಂಪನಿ 28 ವೋಲ್ಟಿನ ಲಿಥಿಯಂ ಬ್ಯಾಟರಿಯ ಉಪಕರಣಗಳನ್ನು ಮಾರತೊಡಗಿತು. ಆ ಬಳಿಕವೇ ತಂತಿಯಿಲ್ಲದ ಗರಗಸ ನಿಜವಾದ ಗರಗಸವಾದದ್ದು. ಈ ಬ್ಯಾಟರಿಗೆ ಕಾರಣರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಭಾಸ್ಕರಾಚಾರ್ಯನಂತೆ ನಾವೂ ಒಂದು ಲೆಕ್ಕ ಹಾಕೋಣ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬ್ಯಾಟರಿ 18 ವೋಲ್ಟಿನದು. ಅದರಲ್ಲಿ 3.6 ವೋಲ್ಟಿನ ಕೋಶಗಳು ಐದೈದಾಗಿ ಸಾಲುಗೂಡಿರುತ್ತವೆ. ಪೂರ್ತಿ ತುಂಬಿದಾಗ ಪ್ರತಿಯೊಂದು ಕೋಶವೂ ನಾಲ್ಕು ವೋಲ್ಟನ್ನು ಮೀರುವುದರಿಂದ ಕೆಲವು ಕಂಪನಿಗಳು ಇದನ್ನೇ 20 ವೋಲ್ಟ್ ಎಂದು ಅಚ್ಚು ಹಾಕುತ್ತವೆ, ಮೋಸ ಹೋಗಬೇಕಾದದ್ದಿಲ್ಲ. 5 ಆಂಪಿಯರ್-ಗಂಟೆಯ ಇಂಥ ಬ್ಯಾಟರಿಯಲ್ಲಿ 90 ವಾಟ್-ಗಂಟೆ ಶಕ್ತಿ ಇರುತ್ತದೆ. ಹೊತ್ತುಗಟ್ಟಲೆ ದುಡಿಯುವ ಮನುಷ್ಯನ ಬಲ ಸುಮಾರು 75 ವಾಟ್. ಎಂದರೆ ಅಂಗೈಯಲ್ಲಿ ಹಿಡಿಯುವ ಈ ಡಬ್ಬಿಯಲ್ಲಿ ಒಬ್ಬ ಗಟ್ಟಿಯಾಳಿನ ಒಂದು ಗಂಟೆಗೂ ಮೇಲ್ಪಟ್ಟ ದುಡಿಮೆ ಅಡಗಿದೆ. ಗಡಸು ಮರದಲ್ಲಿ 900 ವಾಟ್ ಎಳೆಯುವ ಗರಗಸ ಅದನ್ನು ಆರೇ ನಿಮಿಷದಲ್ಲಿ ಖರ್ಚು ಮಾಡುತ್ತದೆ.

ಇನ್ನೊಂದು ಲೆಕ್ಕ. 165 ಮಿಲಿಮೀಟರ್ ಅಡ್ಡಳತೆಯ ಅಲಗು ನಿಮಿಷಕ್ಕೆ 5000 ಸುತ್ತು ಸುತ್ತಿದರೆ ಅದರ ಹಲ್ಲು ಸೆಕೆಂಡಿಗೆ 43 ಮೀಟರ್ ಓಡುತ್ತದೆ, ಗಂಟೆಗೆ 155 ಕಿಲೋಮೀಟರ್. ಅಲಗಿಗೆ 24 ಹಲ್ಲುಗಳಿದ್ದರೆ ಒಂದು ಜಾಗದಲ್ಲಿ ಸೆಕೆಂಡಿಗೆ 2000 ಹಲ್ಲುಗಳು ಹಾದುಹೋಗುತ್ತವೆ. ಬೆರಳು ತಗುಲಿತೆಂದು ಮನಸ್ಸಿಗೆ ತಿಳಿದು ಕೈ ಹಿಂದಕ್ಕೆ ಬರುವಷ್ಟರಲ್ಲಿ ನೂರಾರು ಹಲ್ಲುಗಳು ತಮ್ಮ ಕೆಲಸ ಮಾಡಿರುತ್ತವೆ.

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಹತ್ತನೆಯ ತರಗತಿಗೆ ನಿಂತು ಮರಗೆಲಸ ಕಲಿತ. ಕನ್ನಡದಲ್ಲಿ ಒಳ್ಳೆಯ ಅಂಕಗಳನ್ನು ತೆಗೆಯುತ್ತಿದ್ದ, ಅಕ್ಷರ ದುಂಡಾಗಿತ್ತು. ಕೆಲವು ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ‘ನಮಸ್ಕಾರ ಮೇಷ್ಟ್ರೆ’ ಎಂದಾಗ ಅವನು ಕೈಮುಗಿದ ರೀತಿಯಲ್ಲಿ ಏನೋ ವ್ಯತ್ಯಾಸ ಕಂಡಿತು. ಎಡಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಕೆಲಸ ಹಿಡಿದ ಮನೆಯಲ್ಲಿ ಮೇಸ್ತ್ರಿ ಗರಗಸದ ಕೆಳಗವಚವನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದನಂತೆ. ಕವಚ ಅಡ್ಡ ಬಂದರೆ ಕೆಲಸ ನಿಧಾನ. ‘ಗುಂಡಿ ಬಿಟ್ಟಿದ್ದೆ ಸಾರ್, ಕೆಳಗಿಟ್ಟೆ, ಇನ್ನೂ ತಿರುಗ್ತಾ ಇತ್ತು’ ಎಂದ. ಇಷ್ಟನ್ನು ಹೇಳಿ ನನ್ನ ಮಗಳ ಮದುವೆಯ ವಿಚಾರ ಕೇಳಿದ. ಈ ಲೇಖನಕ್ಕೆ ಪ್ರೇರಣೆ ಆ ಎರಡು ಬೆರಳುಗಳೆಂದು ಹೇಳಿದರೆ ತಪ್ಪಾಗಲಾರದು.

ಆ ಕೆಳಗವಚಕ್ಕೆ ಸ್ಪ್ರಿಂಗ್ ಇರುತ್ತದೆ. ಮರಕ್ಕೆ ಇಳಿಯುವಾಗ ತಾನೇ ಸರಿದು, ಮರದಿಂದ ಹೊರಬಂದ ಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಕೈ ನಿಲ್ಲಿಸಿದರೂ ನಿಲ್ಲದ ಅಲಗಿಗೆ ಯಂತ್ರ ಮಾಡಿದವನು ಕೊಟ್ಟ ಪ್ರತಿಹಾರಿ ಅದು. ಹೊಟ್ಟು, ಅಂಟು ಸಿಕ್ಕಿ ಅದು ಅರ್ಧಕ್ಕೆ ನಿಂತುಬಿಡುವುದುಂಟು. ಆದ್ದರಿಂದ ದಿನವೂ ಕೆಲಸಕ್ಕೆ ಮೊದಲು ಬ್ಯಾಟರಿ ಕಳಚಿ, ಕವಚವನ್ನು ಕೈಯಿಂದ ಹಿಂದಕ್ಕೆ ಸರಿಸಿ ಬಿಟ್ಟು ನೋಡಬೇಕು. ಟಕ್ಕೆಂದು ಮುಚ್ಚಿಕೊಳ್ಳದಿದ್ದರೆ ಆ ಗರಗಸ ಅಂದು ಕೆಲಸಕ್ಕಿಲ್ಲ. ಗುಂಡಿಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಗುಂಡಿ ಇದ್ದು, ಎರಡನ್ನೂ ಒತ್ತಿದರೆ ಮಾತ್ರ ಯಂತ್ರ ಓಡುವಂತೆ ಮಾಡಿರುತ್ತಾರೆ. ಅದಕ್ಕೆ ಟೇಪು ಸುತ್ತಿ ಸದಾ ಒತ್ತಿಕೊಂಡಿರುವಂತೆ ಮಾಡುವ ಚಾಲಾಕಿಗಳಿದ್ದಾರೆ. ಇನ್ನೂ ಕೆಲವರು ಕಲ್ಲು ಕೊಯ್ಯುವ ಅಥವಾ ಉಜ್ಜುವ ಯಂತ್ರಕ್ಕೆ ಮರದ ಹಲ್ಲಲಗನ್ನು ಜೋಡಿಸುತ್ತಾರೆ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಸುತ್ತುವ ಆ ಯಂತ್ರಗಳಿಗೆ ಮರದ ಅಲಗಿಗೆ ತಕ್ಕ ಕವಚವೇ ಇಲ್ಲ. ಇದನ್ನು ಸಾಹಸವೆಂದು ಕರೆಯಲು ನನಗೆ ಮನಸ್ಸಿಲ್ಲ.

ಈಗ ಕೋತಿಯ ಬೆಣೆಗೆ ಬರೋಣ. ಕೈಯಲ್ಲಿ ಹಿಡಿಯುವ ಚಕ್ರಗರಗಸದಲ್ಲಿ ಅಲಗಿನ ಕೆಳಗಿನ ಹಲ್ಲುಗಳು ಮುಂದಕ್ಕೆ ಓಡಿ, ಮುಂಭಾಗದಲ್ಲಿ ಮೇಲಕ್ಕೇಳುತ್ತವೆ. ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚಿತೆನ್ನಿ. ಅಲಗು ನಿಲ್ಲುವುದಿಲ್ಲ, ಮರವನ್ನೇ ನೆಲ ಮಾಡಿಕೊಂಡು ಇಡೀ ಯಂತ್ರ ಹಿಂದಕ್ಕೆ, ಹಿಡಿದವನ ಕಡೆಗೆ, ಚಿಮ್ಮುತ್ತದೆ. ಕೈಗರಗಸದ ಕಾಲದಲ್ಲಿ ಇದೇ ಕಚ್ಚುವಿಕೆ ತೋಳಿಗೆ ನಿಧಾನವಾಗಿ ತಿಳಿಯುತ್ತಿತ್ತು, ಬೆಣೆ ಹೊಡೆಯಲು ಬಿಡುವಿತ್ತು. ಈಗ ಬಿಡುವಿಲ್ಲ. ಆದ್ದರಿಂದ ಬೆಣೆಯ ಆಲೋಚನೆಯನ್ನು ಗುಂಡಿ ಒತ್ತುವ ಮೊದಲೇ ಮಾಡಿ ಮುಗಿಸಬೇಕು. ಮೇಜುಗರಗಸಗಳಲ್ಲಿ ಅಲಗಿನ ಬೆನ್ನಿಗೆ ಉಕ್ಕಿನ ತೆಳುವಾದ ಪಟ್ಟಿಯೊಂದನ್ನು ನಿಲ್ಲಿಸಿರುತ್ತಾರೆ. ಸೀಳು ಮುಚ್ಚದಂತೆ ತಡೆಯುವ ಆ ಪಟ್ಟಿ ನಮ್ಮ ಹಳೆಯ ಬೆಣೆಯ ವಂಶಸ್ಥನೇ. ಕೈಗರಗಸಗಳಲ್ಲಿ ಕೆಲವಕ್ಕೆ ಅದು ಉಂಟು, ಅನೇಕಕ್ಕೆ ಇಲ್ಲ. ಇಲ್ಲದ ಕಡೆ ಹಲಗೆಯನ್ನು ಇಡುವ ಕ್ರಮದಲ್ಲಿಯೇ ಬೆಣೆಯ ಕೆಲಸವಾಗಬೇಕು. ಎರಡು ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು ನಡುವೆ ಕೊಯ್ದರೆ ಹಲಗೆ ನಡುವಿನಲ್ಲಿ ಜಗ್ಗಿ ಅಲಗನ್ನು ಕಚ್ಚುವುದು ಖಂಡಿತ. ಕೊಯ್ದು ಬೀಳಬೇಕಾದ ಚಿಕ್ಕ ಹೋಳಿಗೆ ಆಸರೆ ಕೊಡದೆ, ಅದು ಕೆಳಕ್ಕೆ ಬಾಗಿ ಸೀಳು ಅಗಲವಾಗುವಂತೆ ಇಡಬೇಕು. ದೊಡ್ಡ ಪ್ಲೈವುಡ್ ಹಾಳೆಯಾದರೆ ಸೀಳಿನ ಎರಡು ಪಕ್ಕಗಳಲ್ಲಿಯೂ ಕೆಳಗೆ ರೀಪುಗಳನ್ನಿಟ್ಟು ಹಾಳೆ ಎಲ್ಲಿಯೂ ಜಗ್ಗದಂತೆ ಮಾಡಬೇಕು. ಅಲಗು ಮರದ ಕೆಳಗೆ ಒಂದು ಹಲ್ಲಿನಷ್ಟು ಇಣುಕಿದರೆ ಸಾಕು. ಹೆಚ್ಚು ಇಳಿಸಿದಷ್ಟೂ ಕಚ್ಚುವುದಕ್ಕೆ ಮೈ ಹೆಚ್ಚು, ಕೆಳಗೆ ಕೈಯಿಟ್ಟವನಿಗೆ ಅಪಾಯವೂ ಹೆಚ್ಚು. ನಿಲ್ಲುವಾಗ ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಎರಡು ಕೈಗಳೂ ಯಂತ್ರದ ಎರಡು ಹಿಡಿಗಳ ಮೇಲಿರಬೇಕು. ಹಲಗೆಯನ್ನು ಬಿಗಿಯುವುದಕ್ಕೆ ಕ್ಲಾಂಪು ಇದೆ, ಮೊಣಕಾಲು ಅದಕ್ಕಲ್ಲ. ಅಲಗು ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ಮುಟ್ಟಿಸಬೇಕು. ಕೊಯ್ತ ಸೊಟ್ಟಗಾದರೆ ಓಡುತ್ತಿರುವಾಗ ತಿರುಚಿ ಸರಿಮಾಡಲು ಹೋಗಬಾರದು. ಗುಂಡಿ ಬಿಟ್ಟು, ಅಲಗು ನಿಂತ ಮೇಲೆ ಹೊರಕ್ಕೆ ತೆಗೆದು, ಹೊಸದಾಗಿ ಆರಂಭಿಸಬೇಕು.

ತಂತಿ ಹೋದುದರಿಂದ ಒಂದು ರಕ್ಷಣೆಯೂ ಹೋಯಿತೆಂಬುದನ್ನು ಬಹಳ ಮಂದಿ ಯೋಚಿಸಿಲ್ಲ. ಮೊದಲು ಅಲಗು ಬದಲಿಸುವವನು ಗೋಡೆಯ ಪ್ಲಗ್ಗನ್ನು ಕಿತ್ತು, ಅದು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದನು. ಕರೆಂಟು ಹೋದರೆ ಯಂತ್ರ ಸತ್ತಂತೆ. ಬ್ಯಾಟರಿಯ ಗರಗಸ ಕರೆಂಟಿಲ್ಲದ ಊರಿನಲ್ಲಿ, ಚೀಲದ ಒಳಗೆ, ಸ್ಕೂಟರಿನ ಮೇಲೆ, ಮಗುವಿನ ಕೈಯಲ್ಲಿ, ಎಲ್ಲೆಡೆಯಲ್ಲಿಯೂ ಜೀವಂತವಾಗಿರುತ್ತದೆ. ಅದಕ್ಕೆ ಬ್ಯಾಟರಿಯೇ ಪ್ಲಗ್ಗು. ಅಲಗು ಬದಲಿಸುವಾಗ, ಸಿಕ್ಕಿದ ಚೂರು ತೆಗೆಯುವಾಗ, ಆಳ ಸರಿಮಾಡುವಾಗ, ಇನ್ನೊಬ್ಬರಿಗೆ ಕೊಡುವಾಗ, ಊಟಕ್ಕೆ ಏಳುವಾಗ ಬ್ಯಾಟರಿಯನ್ನು ಕಳಚಿ ಇಡಬೇಕು.

ಉಡುಪಿನ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಹೆಗಲ ಮೇಲಿನ ಟವೆಲು, ಸಡಿಲವಾದ ತೋಳು, ಇಳಿಬಿಟ್ಟ ಪಂಚೆಯ ಅಂಚು ಇವೆಲ್ಲ ಅಲಗಿಗೆ ಆಹಾರ. ಕಣ್ಣಿಗೆ ಕನ್ನಡಕ ಬೇಕು; ಸದ್ದು 90 ಡೆಸಿಬೆಲ್ ಮೀರುವುದರಿಂದ ಕಿವಿಗೂ ಮುಚ್ಚಳ ಬೇಕು. ಹೊಟ್ಟಿನ ವಿಷಯ ಮಾತ್ರ ಅಲಕ್ಷ್ಯ ಮಾಡತಕ್ಕದ್ದಲ್ಲ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ತೀರ್ಮಾನಿಸಿದೆ. ಗುಂಡಿಯಲ್ಲಿ ನಿಂತು ಕೊಯ್ಯುತ್ತಿದ್ದ ಕೆಳಗಿನವನಿಗೆ ಮೂಗಿಗೆ ಕಟ್ಟಲು ಬಟ್ಟೆಯ ತುಂಡಾದರೂ ಇತ್ತೋ ಇಲ್ಲವೋ. ಈಗ ಅಂಗಡಿಯಲ್ಲಿ ಒಳ್ಳೆಯ ಮಾಸ್ಕ್ ಸಿಗುತ್ತದೆ.

ಇನ್ನು ಉಪಕರಣದ ಪಾಲನೆ. ಹಿಂದಿನ ಬಡಗಿಗೆ ಹಲ್ಲು ಮೊಂಡಾದದ್ದು ತೋಳಿನ ನೋವಿನಿಂದ ತಿಳಿಯುತ್ತಿತ್ತು. ಆಗ ಅವನು ಅರ ಹಿಡಿದು ಕೂರುತ್ತಿದ್ದನು. ಈಗ ನೋವು ಮೋಟಾರಿಗೆ, ಬ್ಯಾಟರಿಗೆ. ಅವು ಮಾತಾಡುವುದಿಲ್ಲವೆಂದುಕೊಳ್ಳಬೇಡಿ. ಬ್ಯಾಟರಿ ಎಂದಿಗಿಂತ ಬೇಗ ಮುಗಿದರೆ, ಮೋಟಾರು ಬಿಸಿಯಾದರೆ, ಸೀಳಿನ ಅಂಚು ಸುಟ್ಟು ಕಪ್ಪಾದರೆ, ತಳ್ಳುವುದಕ್ಕೆ ಹೆಚ್ಚು ಬಲ ಬೇಕಾದರೆ ಅಲಗು ಮೊಂಡಾಗಿದೆ ಅಥವಾ ಅಂಟು ಹಿಡಿದಿದೆಯೆಂದು ಅರ್ಥ. ಬಲವಾಗಿ ತಳ್ಳುವವನ ಕೈಯೇ ಜಾರುವ ಕೈ. ಮರದ ಅಂಟು ಹಿಡಿದ ಅಲಗನ್ನು ಕಳಚಿ ಸಾಬೂನು ನೀರಿನಲ್ಲಿ ನೆನೆಸಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಅರ್ಧ ಮೊಂಡುತನ ಹೋಗುತ್ತದೆ. ಹಲ್ಲಿನ ತುದಿಗೆ ಕಾರ್ಬೈಡ್ ಬೆಸೆದಿದ್ದರೆ ನಮ್ಮ ಅರ ಅದರ ಮೇಲೆ ನಾಟುವುದಿಲ್ಲ, ವಜ್ರದ ಸಾಣೆ ಇರುವವರ ಹತ್ತಿರ ಕೊಡಬೇಕು. ಒಂದೇ ಒಂದು ಹಲ್ಲು ಮುರಿದಿದ್ದರೂ, ಬಿರುಕು ಬಿಟ್ಟಿದ್ದರೂ ಆ ಅಲಗನ್ನು ಎಸೆಯಬೇಕು. ಹೊಸ ಅಲಗನ್ನು ಹಾಕುವಾಗ ಅದರ ಮೇಲಿನ ಬಾಣದ ಗುರುತು ಯಂತ್ರದ ಬಾಣದ ದಿಕ್ಕಿಗೇ ಇರಬೇಕು, ಅದರ ಮೇಲೆ ಬರೆದಿರುವ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಿಮೆಯಾಗಿರಬಾರದು. ಗಾಳಿಕಿಂಡಿಗಳಲ್ಲಿ ತುಂಬಿದ ಹೊಟ್ಟನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು. ಪ್ಲಾಸ್ಟಿಕ್ ಮೈಯನ್ನು ಪೆಟ್ರೋಲಿನಿಂದಾಗಲಿ ಥಿನ್ನರಿನಿಂದಾಗಲಿ ಒರೆಸಿದರೆ ಅದು ಬಿರುಕು ಬಿಡುತ್ತದೆ. ಹಳೆಯ ಬಗೆಯ ಮೋಟಾರಾದರೆ ಅದರ ಕಾರ್ಬನ್ ಸವೆದಿದೆಯೇ ಎಂದು ಆಗಾಗ ನೋಡಬೇಕು. ಆಯುಧಪೂಜೆಯ ದಿನ ಉಳಿ, ಬಾಚಿಗಳ ಜೊತೆಗೆ ಇದನ್ನೂ ನೀರಿನಿಂದ ತೊಳೆದು, ಗಾಳಿಕಿಂಡಿಯೊಳಕ್ಕೆ ಕುಂಕುಮ ಬೀಳುವಂತೆ ಪೂಜೆ ಮಾಡಿದವರನ್ನು ನಾನು ಕಂಡಿದ್ದೇನೆ. ಒದ್ದೆ ಬಟ್ಟೆಯಿಂದ ಒರೆಸಿ ಒಂದು ಹೂವನ್ನಿಟ್ಟರೆ ವಿಶ್ವಕರ್ಮನಿಗೆ ತೃಪ್ತಿಯಾಗದೆ ಇರದು.

ಬ್ಯಾಟರಿಯ ವಿಷಯದಲ್ಲಿ ಹಳೆಯ ತಿಳಿವಳಿಕೆಯೇ ಕೆಡಕು ಮಾಡುತ್ತಿದೆ. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದರ ಶಕ್ತಿ ಕುಗ್ಗುತ್ತದೆ, ಪೂರ್ತಿ ಬರಿದು ಮಾಡಿಯೇ ಚಾರ್ಜಿಗೆ ಹಾಕಬೇಕು ಎಂಬ ಮಾತಿತ್ತು. ಮೇಸ್ತ್ರಿಗಳು ಈಗಲೂ ಶಿಷ್ಯರಿಗೆ ಅದನ್ನೇ ಹೇಳಿಕೊಡುತ್ತಾರೆ. ಲಿಥಿಯಂ ಬ್ಯಾಟರಿಗೆ ಇದು ಸಲ್ಲದು. ಪೂರ್ತಿ ಬರಿದಾಗುವುದು ಅದಕ್ಕೆ ಕೆಟ್ಟದ್ದು, ನಡುವೆ ಎಷ್ಟು ಸಲ ತುಂಬಿದರೂ ಬಾಧಕವಿಲ್ಲ. ಕೆಲಸದಿಂದ ಬಿಸಿಯಾಗಿ ಬಂದ ಬ್ಯಾಟರಿಯನ್ನು ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಟೆಂಪೋವಿನೊಳಗೆ ಬಿಡಬಾರದು. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧದಷ್ಟು ತುಂಬಿ, ಯಂತ್ರದಿಂದ ಬಿಡಿಸಿ, ತಂಪಾದ ಒಣ ಜಾಗದಲ್ಲಿಡಬೇಕು. ಮೊಳೆ, ತಿರುಪುಗಳನ್ನು ಹಾಕಿದ ಡಬ್ಬಿಯಲ್ಲಿ ಎಂದಿಗೂ ಇಡಬಾರದು. ಒಂದು ಮೊಳೆ ಎರಡು ಲೋಹದ ತುಟಿಗಳಿಗೂ ಅಡ್ಡಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೇಲಿನಿಂದ ಬಿದ್ದು ಒಡೆದ, ನೀರು ಹೊಕ್ಕ, ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮಾತೇ ಬೇಡ. ಅದನ್ನು ಕಸದ ಬುಟ್ಟಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಅವನ್ನು ತಯಾರಿಸಿ ಮಾರುವ ಕಂಪನಿಗಳ ಮೇಲಿದೆ. ಆದ್ದರಿಂದ ಅದರ ಲೋಹದ ತುಟಿಗಳಿಗೆ ಟೇಪು ಅಂಟಿಸಿ, ಹೊಸದನ್ನು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಯಲ್ಲಿ ಕೊಂಡುಹೋಗಿ ಅಂಗಡಿಯವರನ್ನು ಕೇಳಬೇಕು.